ಹೊಸ ಮೋವರ್‌ಗೆ ಐದೇ ಗಂಟೆಗೆ ಆಯಿಲ್ ಚೇಂಜಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಮೆರಿಕದ ಕನ್ನಡಿಗರದ್ದು. ಅಲ್ಲಿ ಈಗ ಹುಲ್ಲು ಏಳುವ ಕಾಲ. ಬೆಂಗಳೂರಿನಲ್ಲಿ ಕುಂಡದಲ್ಲಿ ಒಂದು ತುಳಸಿ ಗಿಡ ಸಾಕಿದವರು ಅಲ್ಲಿಗೆ ಹೋಗಿ ಒಂದು ಎಕರೆ ಹುಲ್ಲಿಗೆ ಯಜಮಾನರಾಗಿ, ಕೂತು ಓಡಿಸಿ ಹುಲ್ಲು ಕತ್ತರಿಸುವ ಮೋವರ್ ತಂದುಕೊಂಡು, ಅದರ ಪುಸ್ತಕ ಓದಿ ಗಾಬರಿಯಾಗಿದ್ದಾರೆ. ಹಾಗಾಗಿ ಇವತ್ತು ಬರೀ ಆಯಿಲ್ ಮಾತು. ಕೊನೆಗೆ ಶಿರಸಿ ಕಡೆಯದ್ದೂ ಒಂದಿದೆ.

ಪ್ರಶ್ನೆ: ಸರ್, ನಾರ್ತ್ ಕೆರೊಲಿನಾದಲ್ಲಿ ಹೋದ ವರ್ಷ ಮನೆ ತೆಗೆದುಕೊಂಡೆವು. ಒಂದೂವರೆ ಎಕರೆ ಜಾಗ. ಏಪ್ರಿಲ್‌ನಲ್ಲಿ 42 ಇಂಚು ಅಗಲಕ್ಕೆ ಕತ್ತರಿಸುವ ರೈಡಿಂಗ್ ಮೋವರ್ ತಂದೆ, ಬ್ರಿಗ್ಸ್ ಅಂಡ್ ಸ್ಟ್ರಾಟನ್ ಎಂಜಿನ್. ಎಂಜಿನ್ ಮೊದಲ 5 ಗಂಟೆ ಓಡುತ್ತಿದ್ದಂತೆಯೇ ಆಯಿಲ್ ಬದಲಿಸಿ ಅಂತ ಪುಸ್ತಕದಲ್ಲಿದೆ. ಓಡಿದ ಗಂಟೆ ತೋರಿಸುವ ಮೀಟರ್ ಈಗ 7 ಅನ್ನುತ್ತಿದೆ. ಆಯಿಲ್ ನೋಡಿದರೆ ಜೇನುತುಪ್ಪದ ಬಣ್ಣ, ಹೊಸದರ ಹಾಗೇ ಇದೆ. ನನ್ನ ಕಾರಿಗೆ ಏಳೆಂಟು ಸಾವಿರ ಮೈಲಿಗೆ ಒಂದು ಸಲ ಹಾಕಿಸುತ್ತೇನೆ. ಇದು ಆಯಿಲ್ ಮಾರುವವರ ಉಪಾಯ ಅಲ್ವಾ?

ಉತ್ತರ: ಅಲ್ಲ. ಈ ಶನಿವಾರವೇ ಬದಲಿಸಿಬಿಡಿ.

ಅಜ್ಜಿ ಮನೆಗೆ ಹೊಸ ಒರಳುಕಲ್ಲು ತಂದ ದಿನ ನೆನಪಿದೆಯಾ? ತಂದ ತಕ್ಷಣ ದೋಸೆಗೆ ರುಬ್ಬುತ್ತಿರಲಿಲ್ಲ. ಮೊದಲು ತೌಡೋ ನುಚ್ಚೋ ಹಾಕಿ ಒಂದೆರಡು ಸಲ ರುಬ್ಬಿ ಚೆಲ್ಲುತ್ತಿದ್ದರು. ಇಲ್ಲದಿದ್ದರೆ ಚಟ್ನಿಯಲ್ಲಿ ಕಲ್ಲುಪುಡಿ ಕರಕರ ಅನ್ನುತ್ತಿತ್ತು. ಹೊಸ ಎಂಜಿನ್‌ದೂ ಅದೇ ಕತೆ. ಸಿಲಿಂಡರ್ ಗೋಡೆಯ ಮೇಲೆ ಬೇಕೆಂದೇ ಸಣ್ಣ ಸಣ್ಣ ಗೀರು ಬಿಟ್ಟಿರುತ್ತಾರೆ, ಪಿಸ್ಟನ್ ರಿಂಗ್ ಅದಕ್ಕೆ ಉಜ್ಜಿ ಉಜ್ಜಿ ಹೊಂದಿಕೊಳ್ಳಬೇಕು. ಈ ಸವೆತ ಮೊದಲ ಕೆಲವು ಗಂಟೆಗಳಲ್ಲೇ ಜಾಸ್ತಿ. ಸವೆದ ಪುಡಿ, ಫ್ಯಾಕ್ಟರಿಯಲ್ಲಿ ಕಡೆದಾಗ ಮೂಲೆಯಲ್ಲಿ ಉಳಿದುಕೊಂಡ ಚೂರುಪಾರು, ಎಲ್ಲ ಹೋಗಿ ಸೇರುವುದು ಆಯಿಲ್‌ಗೇ. ಬಣ್ಣ ನೋಡಿದರೆ ಇದು ಗೊತ್ತಾಗುವುದಿಲ್ಲ. ಆಯಿಲ್ ಕಪ್ಪಾಗುವುದು ಮಸಿಯಿಂದ, ಕಬ್ಬಿಣದ ಪುಡಿಯಿಂದಲ್ಲ.

ಕಾರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಾರಿಗೆ ನೀರಿನ ಕೂಲಿಂಗ್, ದೊಡ್ಡ ಫಿಲ್ಟರ್, ನಾಲ್ಕೈದು ಲೀಟರ್ ಆಯಿಲ್. ಮೋವರ್‌ಗೆ ಗಾಳಿಯೇ ಗತಿ, ಒಂದು ಸಿಲಿಂಡರ್ ಆದರೆ ಸುಮಾರು ಒಂದೂವರೆ ಲೀಟರ್ ಆಯಿಲ್, ಮೇಲೆ ಬಿಸಿಲು, ಕೆಳಗೆ ಧೂಳು, ಅದೂ ಹುಲ್ಲು ಕತ್ತರಿಸುವಷ್ಟು ಹೊತ್ತೂ ನಿಮಿಷಕ್ಕೆ 3,000ಕ್ಕಿಂತ ಜಾಸ್ತಿ ಸುತ್ತು. ಕಾರನ್ನು ಹಾಗೆ ಗಂಟೆಗಟ್ಟಲೆ ಯಾರು ಓಡಿಸುತ್ತಾರೆ?

ಎಲ್ಲ ಕಂಪನಿಗಳ ಅಂಕಿ ಒಂದೇ ಅಲ್ಲ. ಬ್ರಿಗ್ಸ್‌ನ ಹಲವು ಎಂಜಿನ್‌ಗಳಿಗೆ ಮೊದಲ 5 ಗಂಟೆ, ಕವಾಸಕಿಯ ಎಫ್‌ಆರ್ ಸರಣಿಗೆ 8 ಗಂಟೆ. ಆಮೇಲೆ ಬ್ರಿಗ್ಸ್‌ಗೆ ಸಾಮಾನ್ಯವಾಗಿ 50 ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದು. ಕವಾಸಕಿಗೆ 100 ಗಂಟೆ. ಮೊದಲ ಬದಲಾವಣೆಯ ಮಾತೇ ಎತ್ತದ ಎಂಜಿನ್‌ಗಳೂ ಈಗ ಬರುತ್ತಿವೆ. ನನ್ನನ್ನು ಕೇಳಿದರೆ, ಪುಸ್ತಕ ಹೇಳಲಿ ಬಿಡಲಿ, ಹೊಸ ಎಂಜಿನ್ ಆಯಿಲನ್ನು ಎಂಟು ಗಂಟೆಯೊಳಗೆ ಒಂದು ಸಲ ಇಳಿಸಿಬಿಡಿ. ಒಂದೂವರೆ ಲೀಟರ್ ಆಯಿಲ್ ಹೋಗುತ್ತೆ, ಅಷ್ಟೇ ನಷ್ಟ. ನಿಮ್ಮದು ಎರಡು ಗಂಟೆ ತಡವಾಗಿದೆ ಅಂತ ನಿದ್ದೆಗೆಡಬೇಡಿ.

ಎಂಜಿನ್ ಐದು ನಿಮಿಷ ಓಡಿಸಿ, ನಿಲ್ಲಿಸಿ, ಆಯಿಲ್ ಬೆಚ್ಚಗಿರುವಾಗಲೇ ಇಳಿಸಿ. ತಣ್ಣಗಾದರೆ ಪುಡಿಯೆಲ್ಲ ತಳ ಹಿಡಿದು ಒಳಗೇ ಕೂರುತ್ತೆ. ಇಳಿಸಿದ್ದನ್ನು ಬೆಳ್ಳಗಿನ ಸ್ಟೀಲ್ ಬೋಗುಣಿಯಲ್ಲಿ ಹಿಡಿದು, ಅಂಗಳದ ಬಿಸಿಲಿನಲ್ಲಿ ಸ್ವಲ್ಪ ವಾಲಿಸಿ ನೋಡಿ. ನೀವು ಜೇನುತುಪ್ಪ ಅಂದುಕೊಂಡಿದ್ದರಲ್ಲಿ ಕಾಗೆಬಂಗಾರದ ಪುಡಿ ಉದುರಿಸಿದ ಹಾಗೆ ಮಿನುಗು ಕಾಣುತ್ತೆ. ಬೆರಳಿಗೆ ತಾಗದಷ್ಟು ನಯವಾಗಿದ್ದರೆ ಅದು ಮಾಮೂಲು. ಉಗುರಿನಲ್ಲಿ ಎತ್ತುವಂಥ ಚೂರು ಸಿಕ್ಕಿದರೆ ಮಾತ್ರ ಫೋಟೋ ತೆಗೆದು ಡೀಲರ್‌ಗೆ ತೋರಿಸಿ.

ನೀವೇ ಬದಲಿಸಿದರೆ ವಾರಂಟಿ ಹೋಗುತ್ತಾ ಅಂತ ಭಯ ಬೇಡ. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯಿದೆ ಇದೆ. ಪುಕ್ಕಟೆ ಕೊಡದ ಹೊರತು, ನಮ್ಮ ಬ್ರಾಂಡಿನ ಆಯಿಲನ್ನೇ ಹಾಕಿ ಇಲ್ಲದಿದ್ದರೆ ವಾರಂಟಿ ಇಲ್ಲ ಅಂತ ಕಂಪನಿ ಸಾಮಾನ್ಯವಾಗಿ ಹೇಳುವ ಹಾಗಿಲ್ಲ. ಆಯಿಲ್ ಬಿಲ್ ಎತ್ತಿಡಿ, ಅದರ ಬೆನ್ನಿಗೆ ತಾರೀಕು, ಮೀಟರ್ ಅಂಕಿ ಬರೆದಿಡಿ.

ಒಂದು ಎಚ್ಚರಿಕೆ, ಇದು ನನ್ನದೇ ಮಾನ ಹೋದ ಕತೆ. ಮಗಳ ಮನೆಗೆ ಹೋಗಿದ್ದಾಗ ಅಳಿಯನಿಗೆ ಕಲಿಸಿಕೊಡುತ್ತೇನೆ ಅಂತ ಜಂಬದಿಂದ ಹಳೇ ಫಿಲ್ಟರ್ ಬಿಚ್ಚಿದೆ, ಹೊಸದು ತಿರುಗಿಸಿದೆ, ಸ್ಟಾರ್ಟ್ ಮಾಡು ಅಂದೆ. ಹಳೇ ಫಿಲ್ಟರ್‌ನ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿಕೊಂಡು ಉಳಿದಿತ್ತು, ನಾನು ನೋಡಿರಲಿಲ್ಲ. ಎರಡು ರಿಂಗ್ ಒಂದರ ಮೇಲೊಂದು ಕೂತರೆ ನಿಲ್ಲುತ್ತಾ? ಅರ್ಧ ನಿಮಿಷದಲ್ಲಿ ಹೊಸ ಆಯಿಲೆಲ್ಲ ಅವರ ಬೆಳ್ಳನೆ ಕಾಂಕ್ರೀಟ್ ಮೇಲೆ. ಬೆಕ್ಕಿಗೆ ಹಾಕುವ ಮರಳು ಒಂದು ಚೀಲ ತಂದು ಸುರಿದು ಹೀರಿಸಿದೆವು. ಕಲೆ ಇನ್ನೂ ಇದೆಯಂತೆ. ಹಳೇ ರಿಂಗ್ ಫಿಲ್ಟರ್ ಜೊತೆಗೇ ಬಂತಾ ಅಂತ ನೋಡಿಕೊಳ್ಳಿ, ಹೊಸ ರಿಂಗಿಗೆ ಒಂದು ಹನಿ ಆಯಿಲ್ ಸವರಿ, ರಬ್ಬರ್ ತಾಗಿದ ಮೇಲೆ ಕೈಯಲ್ಲೇ ಅರ್ಧದಿಂದ ಮುಕ್ಕಾಲು ಸುತ್ತು ಬಿಗಿ ಮಾಡಿ. ಪಾನಾ ಬೇಡ.

ಪ್ರಶ್ನೆ: ಒಹಾಯೋದಿಂದ ಬರೆಯುತ್ತಿದ್ದೇನೆ. ನಮ್ಮ ಯಜಮಾನರಿಗೆ ಯಂತ್ರದ ಹುಚ್ಚು. ನಿಂತಲ್ಲೇ ತಿರುಗುವ ಹೊಸ ಜೀರೋ-ಟರ್ನ್ ಮೋವರ್, ಅದರ ಚಕ್ರ ತಿರುಗಿಸುವ ಪೆಟ್ಟಿಗೆ ಹೈಡ್ರೋ-ಗೇರ್ ಝಡ್‌ಟಿ-2800. ಎಂಜಿನ್ ಆಯಿಲ್ ಬೇಗ ಬದಲಿಸಿದ್ದು ಒಳ್ಳೆಯದಾಯಿತು ಅಂತ ಹುರುಪು ಬಂದು, 12 ಗಂಟೆಗೇ ಹೈಡ್ರಾಲಿಕ್ ಆಯಿಲನ್ನೂ ಫಿಲ್ಟರನ್ನೂ ಬದಲಿಸಿದರು. ಈಗ ಗಾಡಿ ಕುಂಯ್ ಅಂತ ಕೂಗುತ್ತೆ, ಎಡಗಡೆ ಚಕ್ರಕ್ಕೆ ದಮ್ಮೇ ಇಲ್ಲ. ಏನೋ ಮುರಿದುಬಿಟ್ಟರಾ?

ಉತ್ತರ: ಮುರಿದಿರಲಿಕ್ಕಿಲ್ಲ ತಾಯಿ. ಗಾಳಿ ಹೊಕ್ಕಿದೆ. ಅವರನ್ನು ಬೈಯುವುದು ಸ್ವಲ್ಪ ಮುಂದಕ್ಕೆ ಹಾಕಿ.

ಈ ಗಾಡಿಗಳಲ್ಲಿ ಚಕ್ರ ತಿರುಗಿಸುವುದು ಆಯಿಲ್ ಒತ್ತಡ. ಪಂಪ್ ಆಯಿಲನ್ನು ತಳ್ಳುತ್ತೆ, ಅದು ಮೋಟರನ್ನು ತಿರುಗಿಸುತ್ತೆ, ಮೋಟರ್ ಚಕ್ರವನ್ನು. ನಡುವೆ ಗಾಳಿ ಸೇರಿದರೆ ಒತ್ತಡವೆಲ್ಲ ಗಾಳಿಯನ್ನು ಅಮುಕುವುದಕ್ಕೇ ಹೋಗುತ್ತೆ. ಸದ್ದು, ಬಿಸಿ, ಬಲ ಇಲ್ಲದಿರುವುದು, ಆಯಿಲ್ ಉಬ್ಬಿ ಮೇಲೆ ಬರುವುದು, ಎಲ್ಲ ಅದರದ್ದೇ ಲಕ್ಷಣ.

ಹಿಂದಿನ ಚಕ್ರ ಎರಡನ್ನೂ ನೆಲ ಬಿಟ್ಟು ಎತ್ತಿ. ಜಾಕ್ ಒಂದನ್ನೇ ನಂಬಬೇಡಿ, ಕೆಳಗೆ ಸ್ಟ್ಯಾಂಡ್ ಕೊಡಿ, ಮುಂದಿನ ಚಕ್ರಕ್ಕೆ ಅಡ್ಡ ಕೊಡಿ. ಕೆಟ್ಟು ನಿಂತಾಗ ಗಾಡಿಯನ್ನು ಕೈಯಲ್ಲಿ ತಳ್ಳಲು ಬೈಪಾಸ್ ಅಂತ ಒಂದು ಇರುತ್ತಲ್ಲ, ಅದನ್ನು ತೆರೆದು ಎಂಜಿನ್ ಸ್ಟಾರ್ಟ್ ಮಾಡಿ. ಹತೋಟಿ ಕೋಲನ್ನು ನಿಧಾನವಾಗಿ ಮುಂದಕ್ಕೆ, ಹಿಂದಕ್ಕೆ, ಐದಾರು ಸಲ. ನಿಲ್ಲಿಸಿ, ಆಯಿಲ್ ಮಟ್ಟ ನೋಡಿ, ಇಳಿದಿದ್ದರೆ ತುಂಬಿ. ಆಮೇಲೆ ಬೈಪಾಸ್ ಮುಚ್ಚಿ ಮತ್ತೆ ಐದಾರು ಸಲ. ಮಟ್ಟ ಮತ್ತೆ ನೋಡಿ. ಸದ್ದು ಹೋಗುವವರೆಗೆ ಎರಡು ಮೂರು ಸುತ್ತು ಬೇಕಾಗಬಹುದು. ಇಷ್ಟು ಮಾಡಿಯೂ ಕೂಗು ನಿಲ್ಲದಿದ್ದರೆ ಡೀಲರ್ ಹತ್ತಿರ ಹೋಗಿ, ಸುಮ್ನೆ ಓಡಿಸುತ್ತಾ ಇರಬೇಡಿ.

ಈಗ ಯಜಮಾನರಿಗೆ ನನ್ನ ಮಾತು. ಎಂಜಿನ್ ಆಯಿಲ್ ನ್ಯಾಯ ಹೈಡ್ರೋಗೆ ಹಾಕಬೇಡಿ. ಎಂಜಿನ್‌ನಲ್ಲಿ ಪೆಟ್ರೋಲ್ ಉರಿಯುತ್ತೆ, ಮಸಿ ಇಳಿಯುತ್ತೆ. ಇಲ್ಲಿ ಏನೂ ಉರಿಯುವುದಿಲ್ಲ. ಪುಡಿ ಇಲ್ಲೂ ಬರುತ್ತೆ ನಿಜ, ಆದರೆ ಅದನ್ನು ಹಿಡಿಯಲು ನಿಮ್ಮ ಗಾಡಿಯಲ್ಲಿ ಫಿಲ್ಟರ್ ಇದೆ. ಅದಕ್ಕೇ ಝಡ್‌ಟಿ-2800ಕ್ಕೆ ಮೊದಲ ಬದಲಾವಣೆ 75ರಿಂದ 100 ಗಂಟೆಯ ನಡುವೆ, ಆಮೇಲೆ 400 ಗಂಟೆಗೊಮ್ಮೆ ಅಂತ ಇಟ್ಟಿರುವುದು. ಆ ಮೊದಲನೆಯದನ್ನು ತಪ್ಪಿಸಬೇಡಿ. ಆದರೆ 12 ಗಂಟೆಗೆ ತೆರೆದರೆ ಲಾಭಕ್ಕಿಂತ ಅಪಾಯವೇ ಜಾಸ್ತಿ. ಒಳಗಿನ ಭಾಗಗಳ ನಡುವಿನ ಸಂದು ಕೂದಲಿಗಿಂತ ಸಣ್ಣದು, ಮುಚ್ಚಳ ತೆರೆದಾಗ ಒಂದು ಒಣಹುಲ್ಲಿನ ಎಸಳು ಬಿದ್ದರೂ ಕೆಟ್ಟದ್ದೇ. ತೆರೆಯುವ ಮೊದಲು ಸುತ್ತಲಿನ ಹುಲ್ಲು, ಧೂಳು ಬ್ರಷ್‌ನಿಂದ ಪೂರ್ತಿ ಉಜ್ಜಿ ತೆಗೆಯಬೇಕು. ಈ ಕೆಲಸ ಅರ್ಧ ಗಂಟೆ, ಆಯಿಲ್ ಹಾಕುವುದು ಹತ್ತು ನಿಮಿಷ, ಹಾಗಿರಬೇಕು ಲೆಕ್ಕ.

ಹಾಕಿದ್ದು ಯಾವ ಆಯಿಲ್ ಅಂತ ನೀವು ಬರೆದಿಲ್ಲ. ಹೆಸರು ಹೈಡ್ರಾಲಿಕ್ ಆದರೂ ಇದಕ್ಕೆ ಬೇಕಾದ್ದು 20ಡಬ್ಲ್ಯೂ-50 ಅನ್ನುವ ಮಂದದ ಎಂಜಿನ್ ಆಯಿಲ್. ಟ್ರ್ಯಾಕ್ಟರ್ ಹೈಡ್ರಾಲಿಕ್ ಆಯಿಲ್ ಡಬ್ಬಿ ತಂದು ಸುರಿದಿದ್ದರೆ ಮತ್ತೊಮ್ಮೆ ಇಳಿಸಬೇಕಾಗುತ್ತೆ. ಆಗ ಬೈದುಕೊಳ್ಳಿ.

ಪ್ರಶ್ನೆ: ನಮ್ಮ ಮೋವರ್‌ನಲ್ಲಿ ಚಕ್ರ ತಿರುಗಿಸುವ ಹೈಡ್ರೋ ಪೆಟ್ಟಿಗೆ ಟಫ್ ಟಾರ್ಕ್ ಕೆ46. ಹೈಡ್ರೋ ಆಯಿಲ್ ಇಳಿಸಲು ಬೋಲ್ಟೇ ಸಿಗುತ್ತಿಲ್ಲ. ಎಲ್ಲಿದೆ?

ಉತ್ತರ: ಹುಡುಕಬೇಡಿ, ಸಾಮಾನ್ಯವಾಗಿ ಇರುವುದೇ ಇಲ್ಲ. ಇಳಿಸಬೇಕೆಂದರೆ ಇಡೀ ಪೆಟ್ಟಿಗೆಯನ್ನು ಗಾಡಿಯಿಂದ ಬಿಚ್ಚಿ ತಲೆಕೆಳಗು ಮಾಡಬೇಕು. ಬದಲಿಸುವುದೇ ಬೇಡ ಅಂತ ಇಟ್ಟುಕೊಂಡು ಮಾಡಿದ ವಿನ್ಯಾಸ. ಒಂದು ಎಕರೆ ಸಮತಟ್ಟು ಜಾಗ, ವರ್ಷಕ್ಕೆ 30 ಗಂಟೆ ಓಡಿಸುತ್ತೀರಿ ಅಂದರೆ ನಾನಾದರೂ ಮುಟ್ಟುವುದಿಲ್ಲ. ಏರುಪೇರಿನ ಜಾಗವಾದರೆ ಮಾತು ಬೇರೆ. ಏರು ಹತ್ತಿ ಹತ್ತಿ ಆಯಿಲ್ ಕಾದು ತೆಳುವಾಗುತ್ತೆ, ಅರ್ಧ ಗಂಟೆ ಆದ ಮೇಲೆ ಗಾಡಿ ಏರಿನಲ್ಲಿ ಮುಕ್ಕರಿಯುತ್ತೆ. ಅಲ್ಲಿಗೆ ಬಂದರೆ ಬಿಚ್ಚಿಸಿ ಸಿಂಥೆಟಿಕ್ ಹಾಕಿಸುವುದು ದಂಡ ಅಲ್ಲ. ಅದಕ್ಕೂ ಮೊದಲು ಸೀಟಿನ ಕೆಳಗೆ ಬಗ್ಗಿ ನೋಡಿ. ಪೆಟ್ಟಿಗೆಯ ಮೇಲೆ ಚಿಕ್ಕ ಫ್ಯಾನ್ ಇರುತ್ತೆ. ಹುಲ್ಲು ಒಣಗಿ ಕಂಬಳಿ ಹೊದಿಸಿದ ಹಾಗೆ ಅದರ ಸುತ್ತ ಕಟ್ಟಿಕೊಂಡಿದ್ದರೆ ಯಾವ ಆಯಿಲ್ ಹಾಕಿದರೂ ಒಂದೇ.

ಪ್ರಶ್ನೆ: ಟೆಕ್ಸಾಸ್ ಬಿಸಿಲಿಗೆ ಮೋವರ್ ಎಂಜಿನ್‌ಗೆ ಯಾವ ಮಂದದ ಆಯಿಲ್, ಎಸ್‌ಎಇ 30 ಹಾಕಲಾ, 10ಡಬ್ಲ್ಯೂ-30 ಹಾಕಲಾ?

ಉತ್ತರ: ಬೇಸಿಗೆಗೆ ಎಸ್‌ಎಇ 30. ಹೊರಗೆ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಅದರಲ್ಲಿ ಸ್ಟಾರ್ಟ್ ಆಗಲು ಒದ್ದಾಡುತ್ತೆ, ಆದರೆ ಆಗ ನೀವು ಹುಲ್ಲು ಕತ್ತರಿಸುವುದಿಲ್ಲ ಅಲ್ವಾ? ಗೇಜ್ ಕಡ್ಡಿಯ ಮೇಲಿನ ಗೆರೆ ದಾಟಿಸಬೇಡಿ. ದಾಟಿಸಿದರೆ ಹೊಗೆ ಬರುತ್ತೆ, ಪಕ್ಕದ ಮನೆಯವರೂ ಬರುತ್ತಾರೆ.

ಪ್ರಶ್ನೆ: ಶಿರಸಿ ಹತ್ತಿರ ಅಡಿಕೆ ತೋಟ. ಕಳೆ ಹೊಡೆಯಲು ಹೋಂಡಾ ಜಿಎಕ್ಸ್35 ಎಂಜಿನ್ನಿನ ಬ್ರಷ್ ಕಟ್ಟರ್ ತಂದೆವು. 10 ಗಂಟೆಗೆ ಆಯಿಲ್ ಬದಲಿಸಿ ಅಂದರು. ಇದಕ್ಕೆ ಗಂಟೆ ಮೀಟರ್ ಇಲ್ಲವಲ್ಲ? ಹಳೇ ಆಯಿಲನ್ನು ಬೇಲಿ ಗೂಟಕ್ಕೆ ಬಳಿಯಬಹುದಾ?

ಉತ್ತರ: ಅಂದವರು ಸರಿಯಾಗೇ ಅಂದಿದ್ದಾರೆ. ಮೊದಲ ತಿಂಗಳು ಅಥವಾ 10 ಗಂಟೆ, ಆಮೇಲೆ ಆರು ತಿಂಗಳು ಅಥವಾ 50 ಗಂಟೆ. ಒಳಗಿರುವುದು ಬರೀ 100 ಮಿಲಿಲೀಟರ್, ಒಂದು ಸಣ್ಣ ಲೋಟ ಚಹಾದಷ್ಟು. ಅಷ್ಟರಲ್ಲೇ ಎಲ್ಲ ಪುಡಿಯೂ ತಿರುಗುತ್ತಾ ಇರಬೇಕು, ಫಿಲ್ಟರ್ ಬೇರೆ ಇಲ್ಲ. ಮೀಟರ್ ಇಲ್ಲದಿದ್ದರೆ ಏನಂತೆ, ಟ್ಯಾಂಕ್ ಎಷ್ಟು ಸಲ ತುಂಬಿಸಿದಿರಿ ಅಂತ ಲೆಕ್ಕ ಇಡಿ. ಒಂದು ಟ್ಯಾಂಕ್ ಎಷ್ಟು ಹೊತ್ತು ಬರುತ್ತೆ ಅಂತ ಒಂದು ಸಲ ಗಡಿಯಾರ ನೋಡಿಕೊಂಡರೆ ಸಾಕು. ಕೊಟ್ಟಿಗೆ ಗೋಡೆಯ ಮೇಲೆ ಇದ್ದಿಲಲ್ಲಿ ಗೆರೆ ಎಳೆಯಿರಿ. ಕೆಲಸದವರು ಬದಲಾದರೂ ಲೆಕ್ಕ ತಪ್ಪುವುದಿಲ್ಲ.

ಗೆದ್ದಲು ಹತ್ತದ ಹಾಗೆ ಗೂಟಕ್ಕೆ ಹಳೇ ಆಯಿಲ್ ಬಳಿಯುವುದು ಮಲೆನಾಡಿನಲ್ಲಿ ನೋಡಿದ್ದೇನೆ. ನಾನು ಬೇಡ ಅನ್ನುತ್ತೇನೆ. ಮಳೆಗಾಲ ಶುರುವಾದರೆ ಅದೆಲ್ಲ ತೊಳೆದುಕೊಂಡು ತೋಟದ ಕಾಲುವೆಗೇ ಇಳಿಯುತ್ತೆ. ಒಂದು ಕ್ಯಾನ್‌ನಲ್ಲಿ ಕೂಡಿಟ್ಟು, ಪೇಟೆಗೆ ಹೋದಾಗ ಹಳೇ ಆಯಿಲ್ ಕೊಳ್ಳುವ ಗ್ಯಾರೇಜಿಗೆ ಕೊಡಿ. ಅಮೆರಿಕದವರಿಗಂತೂ ಇನ್ನೂ ಸುಲಭ. ಕಾರಿನ ಬಿಡಿಭಾಗ ಮಾರುವ ದೊಡ್ಡ ಅಂಗಡಿಗಳಲ್ಲಿ ಹೆಚ್ಚಿನವು ಪುಕ್ಕಟೆ ತೆಗೆದುಕೊಳ್ಳುತ್ತವೆ. ಹಾಲಿನ ಕ್ಯಾನ್‌ನಲ್ಲಿ ಮಾತ್ರ ಒಯ್ಯಬೇಡಿ, ಅದರ ಮುಚ್ಚಳ ಕಾರಿನ ಡಿಕ್ಕಿಯಲ್ಲಿ ಬಿಚ್ಚಿಕೊಳ್ಳುತ್ತೆ. ಹೊಸ ಆಯಿಲ್ ಬಂದ ಡಬ್ಬಿಗೇ ಹಳೇದನ್ನು ತುಂಬಿಸಿ ಒಯ್ಯಿರಿ.