ಗಾಜಿನ ಮೇಲೆ ಮುಖ: ವೆಟ್ ಪ್ಲೇಟ್ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೆಯ ವೆಟ್ ಪ್ಲೇಟ್ ಭಾವಚಿತ್ರಗಳ ಲೇಖನಕ್ಕೆ ಮೈಸೂರು, ಮಂಡ್ಯ ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಲೇಖನ ಓದದವರಿಗೆ ಎರಡು ಮಾತು: ಅಯೋಡೈಡ್, ಬ್ರೋಮೈಡ್ ಲವಣ ಬೆರೆಸಿದ ಕೊಲೋಡಿಯನ್ನನ್ನು (ಈಥರ್, ಆಲ್ಕೋಹಾಲಿನಲ್ಲಿ ನೈಟ್ರೋಸೆಲ್ಯುಲೋಸ್ ಕರಗಿಸಿದ ಅಂಟು ದ್ರವ) ಗಾಜಿನ ಮೇಲೆ ಸುರಿದು, ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಒದ್ದೆ ಆರುವ ಮೊದಲೇ ಫೋಟೋ ತೆಗೆದು ಡೆವಲಪ್ ಮಾಡುವ ವಿಧಾನ ಇದು. 1851ರಲ್ಲಿ ಇದನ್ನು ಪ್ರಕಟಿಸಿದವರು ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್. ಗಾಜಿನ ಹಿಂದೆ ಕಪ್ಪು ಇಟ್ಟರೆ ತೆಳುವಾದ ನೆಗೆಟಿವ್ ಪಾಸಿಟಿವ್ ಆಗಿ ಕಾಣುತ್ತದೆ. ಅದಕ್ಕೆ ಆಂಬ್ರೋಟೈಪ್ ಎಂದು ಹೆಸರು.

ಪ್ರಶ್ನೆ: ಜನವರಿಯಲ್ಲಿ ಚೆನ್ನಾಗಿ ಬರುತ್ತಿದ್ದ ಪ್ಲೇಟುಗಳು ಏಪ್ರಿಲ್‌ನಲ್ಲಿ ಒಂದೂ ಸರಿಯಾಗಿ ಬರುತ್ತಿಲ್ಲ. ಒಂದು ಮೂಲೆ ಒಣಗಿ ಕಲೆಯಾಗುತ್ತದೆ, ಉಳಿದದ್ದು ಮಂಜು ಕವಿದ ಹಾಗೆ. ಪುಸ್ತಕದ ಅಳತೆ ಬದಲಿಸಿಲ್ಲ. (ಮಂಡ್ಯ)

ಅಳತೆ ಬದಲಿಸದೆ ಇರುವುದೇ ತೊಂದರೆ. ಆ ಪುಸ್ತಕಗಳ ಅಳತೆಗಳು ಚಳಿ ದೇಶದವು. ಈಥರ್ ಕುದಿಯುವುದು 34.6 ಡಿಗ್ರಿಯಲ್ಲಿ. ನಮ್ಮ ಬೇಸಿಗೆಯ ಮಧ್ಯಾಹ್ನ ಕೋಣೆಯ ಶಾಖವೇ ಅಲ್ಲಿಗೆ ಮುಟ್ಟುತ್ತದೆ. ಹಾಗಾಗಿ ಕೊಲೋಡಿಯನ್ ನಾಲ್ಕನೇ ಮೂಲೆಗೆ ಹರಿದು ತಲುಪುವ ಹೊತ್ತಿಗೆ ಮೊದಲ ಮೂಲೆ ಆಗಲೇ ಒಣಗಿರುತ್ತದೆ.

ತೆಳು ಮಾಡುವಾಗ ಈಥರ್, ಆಲ್ಕೋಹಾಲ್ ಸಮಸಮ ಹಾಕುತ್ತಿದ್ದರೆ ಬೇಸಿಗೆಗೆ ಈಥರ್ 40, ಆಲ್ಕೋಹಾಲ್ 60 ಭಾಗ ಮಾಡಿ. ಅದಕ್ಕಿಂತ ಮುಂದೆ ಹೋಗಬೇಡಿ. ಆಲ್ಕೋಹಾಲ್ ಅತಿಯಾದರೆ ಪದರ ಮೆತ್ತಗಾಗಿ ತೊಳೆಯುವಾಗ ಹರಿಯುತ್ತದೆ. ಸುರಿದ ಮೇಲೆ ಕೊಲೋಡಿಯನ್ ಬಸಿದ ಮೂಲೆಯನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿ. ಅಂಟದೆ ಬೆರಳ ಗುರುತು ಮಾತ್ರ ಉಳಿದರೆ ಅದ್ದುವ ಹೊತ್ತು. ಚಳಿಗಾಲದಲ್ಲಿ ಇದಕ್ಕೆ 10ರಿಂದ 15 ಸೆಕೆಂಡು ಬೇಕು, ಏಪ್ರಿಲ್‌ನಲ್ಲಿ 5 ಸೆಕೆಂಡಿಗೇ ಆಗಬಹುದು. ಗಡಿಯಾರ ನೋಡಬೇಡಿ, ಬೆರಳನ್ನು ನಂಬಿ.

ಬೆಳ್ಳಿ ದ್ರಾವಣ (ಲೀಟರ್ ಡಿಸ್ಟಿಲ್ಡ್ ನೀರಿಗೆ 90 ಗ್ರಾಂ ಸಿಲ್ವರ್ ನೈಟ್ರೇಟ್) ಇರುವ ಟ್ಯಾಂಕನ್ನು ನೀರು ತುಂಬಿದ ಟಬ್ಬಿನಲ್ಲಿಟ್ಟು ಸುತ್ತ ಒದ್ದೆ ಗೋಣಿಚೀಲ ಹೊದಿಸಿ. 20ರಿಂದ 25 ಡಿಗ್ರಿಯಲ್ಲಿ ನಿಂತರೆ ಸಾಕು. ಅದರಲ್ಲಿ ಪ್ಲೇಟು 3ರಿಂದ 4 ನಿಮಿಷ ಇರಲಿ. ಎತ್ತಿದಾಗ ದ್ರಾವಣ ಎಣ್ಣೆ ಮೇಲಿನ ನೀರಿನಂತೆ ಗೆರೆಗೆರೆಯಾಗಿ ಇಳಿದರೆ ಇನ್ನೂ ಆಗಿಲ್ಲ. ಒಂದೇ ಹಾಳೆಯಂತೆ ಜಾರಿದರೆ ಆಯಿತು. ಹೋಲ್ಡರಿನಲ್ಲಿ ಪ್ಲೇಟಿನ ಹಿಂದೆ ಒದ್ದೆ ಬ್ಲಾಟಿಂಗ್ ಕಾಗದ ಇಡಿ. ಇಷ್ಟೆಲ್ಲ ಮಾಡಿದರೂ ಬಿರುಬೇಸಿಗೆಯಲ್ಲಿ ಪ್ಲೇಟು ಎತ್ತಿದ ಮೇಲೆ ನಿಮ್ಮ ಕೈಯಲ್ಲಿರುವುದು ನಾಲ್ಕೈದು ನಿಮಿಷ ಅಷ್ಟೇ. ಕೂರುವವರ ಭಂಗಿ, ಫೋಕಸ್ ಎಲ್ಲ ಮೊದಲೇ ಮುಗಿದಿರಬೇಕು.

ಇನ್ನು ಮಂಜು. ಬಿಸಿಗೆ ಡೆವಲಪರ್ ಅವಸರ ಮಾಡಿ ಬೆಳಕು ಬೀಳದ ಕಡೆಯೂ ಬೆಳ್ಳಿ ಕೂರಿಸುತ್ತದೆ. ಲೀಟರಿಗೆ ಫೆರಸ್ ಸಲ್ಫೇಟ್ 40 ಗ್ರಾಂ, ಗ್ಲೇಶಿಯಲ್ ಅಸಿಟಿಕ್ ಆಮ್ಲ 45 ಮಿಲಿ ಹಾಕುತ್ತಿದ್ದರೆ, ಬೇಸಿಗೆಗೆ ಫೆರಸ್ ಸಲ್ಫೇಟ್ 30 ಗ್ರಾಂಗೆ ಇಳಿಸಿ, ಆಮ್ಲವನ್ನು 60ರಿಂದ 70 ಮಿಲಿಗೆ ಏರಿಸಿ. ಬಾಟಲಿಯನ್ನು ಐಸ್ ಡಬ್ಬಿಯಲ್ಲಿಟ್ಟುಕೊಳ್ಳಿ. ಅಂಚಿನಿಂದ ಒಂದೇ ಸಲ ಹಾಯುವಂತೆ ಸುರಿದು ಪ್ಲೇಟಿನ ಮೇಲೇ ನಿಲ್ಲಿಸಿಕೊಳ್ಳಿ. ಕೆಳಗೆ ಚೆಲ್ಲಿದರೆ ಚಿತ್ರ ಕಟ್ಟಬೇಕಾದ ಬೆಳ್ಳಿಯೂ ಜೊತೆಗೇ ಹೋಗುತ್ತದೆ.

ಆಮೇಲೂ ಮಂಜು ಹೋಗದಿದ್ದರೆ ಒಂದು ಪ್ಲೇಟನ್ನು ಕ್ಯಾಮೆರಾಗೆ ಹಾಕದೆಯೇ ಡೆವಲಪ್ ಮಾಡಿ ಫಿಕ್ಸ್ ಮಾಡಿ (ಬೆಳಕು ಬೀಳದೆ ಉಳಿದ ಬೆಳ್ಳಿ ಲವಣವನ್ನು ಹೈಪೋದಲ್ಲಿ ಕರಗಿಸಿ ತೆಗೆಯಿರಿ). ಗಾಜು ನಿರ್ಮಲವಾಗಿ ಬಂದರೆ ತಪ್ಪು ಎಕ್ಸ್‌ಪೋಶರಿನದು ಅಥವಾ ಕ್ಯಾಮೆರಾದಲ್ಲಿ ಬೆಳಕು ಸೋರುವುದರದು. ಮಂಜಾಗಿಯೇ ಬಂದರೆ ರಾಸಾಯನಿಕ ಅಥವಾ ಡಾರ್ಕ್‌ರೂಮಿನ ದೀಪ. ಬೆಳ್ಳಿ ದ್ರಾವಣದ ಪಿಎಚ್ ನೋಡಿ. 4ರ ಆಸುಪಾಸು ಇರಬೇಕು. ಹೆಚ್ಚಿದ್ದರೆ ತೆಳು ನೈಟ್ರಿಕ್ ಆಮ್ಲದ ಒಂದೊಂದೇ ಹನಿ.

ಒಂದು ಎಚ್ಚರಿಕೆ. ಸೆಖೆ ಎಂದು ಕೊಲೋಡಿಯನ್ ಬಾಟಲಿಯನ್ನು ಮನೆಯ ಫ್ರಿಜ್ಜಿನಲ್ಲಿ ದಯವಿಟ್ಟು ಇಡಬೇಡಿ. ಒಳಗೆ ಈಥರ್ ಆವಿ ತುಂಬಿದರೆ ಫ್ರಿಜ್ಜಿನ ಒಂದು ಕಿಡಿ ಸಾಕು. ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರ ಹೋಗುತ್ತದೆ. ಪಕ್ಕದ ಕೋಣೆಯಲ್ಲಿ ದೇವರ ದೀಪವೋ ಅಗರಬತ್ತಿಯೋ ಉರಿಯುತ್ತಿದ್ದರೆ ಆರಿಸಿದ ಮೇಲೆಯೇ ಮುಚ್ಚಳ ತೆಗೆಯಿರಿ.

ಪ್ರಶ್ನೆ: ನಮ್ಮ ಅತ್ತೆಯವರನ್ನು ಕೆಂಪು ಮೈಸೂರು ಸಿಲ್ಕ್ ಸೀರೆಯಲ್ಲಿ ಕೂರಿಸಿ ತೆಗೆದೆ. ಮುಖ ಇರುವುದಕ್ಕಿಂತ ತುಂಬಾ ಕಪ್ಪಾಗಿ, ಸೀರೆ ಇದ್ದಿಲಿನಂತೆ ಬಂತು. ಸೆರಗೂ ಬಲ ಹೆಗಲಿಗೆ ಹೋಗಿದೆ. ಅವರಿಗೆ ಬೇಸರವಾಗಿದೆ. (ಸರಸ್ವತಿಪುರಂ, ಮೈಸೂರು)

ಕೊಲೋಡಿಯನ್‌ಗೆ ಕಾಣುವುದು ನೀಲಿ, ನೇರಳೆ ಮತ್ತು ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಮಾತ್ರ. ಕೆಂಪು ಅದರ ಪಾಲಿಗೆ ಕತ್ತಲೆ. ನಮ್ಮ ಮೈಬಣ್ಣದ ಕಂದು, ಕೆಂಪಿನ ಛಾಯೆಗಳು ಅದಕ್ಕೇ ಒಂದೆರಡು ಮೆಟ್ಟಿಲು ಕೆಳಗೆ ಬೀಳುತ್ತವೆ. ಹಣೆಯ ಕುಂಕುಮ ಕಪ್ಪು ಬೊಟ್ಟಾಗುತ್ತದೆ, ವಿಭೂತಿ ಬೆಳ್ಳಗೇ ಉಳಿಯುತ್ತದೆ. ಕೆನ್ನೆಗೆ ಅರಿಶಿನ ಹಚ್ಚಿದ್ದರೆ ಮುಖ ಇನ್ನೂ ಕಪ್ಪು, ಏಕೆಂದರೆ ಅರಿಶಿನ ಹೀರುವುದೇ ನೀಲಿ ಬೆಳಕನ್ನು. ಸನ್‌ಸ್ಕ್ರೀನ್ ಹಚ್ಚಿಕೊಂಡು ಬಂದವರ ಮುಖವೂ ಇದೇ ರೀತಿ ಕಪ್ಪಾಗುತ್ತದೆ. ಕೂರುವ ಮೊದಲು ಮುಖವನ್ನು ಸೋಪಿನಲ್ಲಿ ತೊಳೆಸಿ ಒರೆಸಿ.

ಸೀರೆಯನ್ನು ಕಣ್ಣಿನ ಬಣ್ಣದಿಂದ ಆರಿಸಬೇಡಿ, ಪ್ಲೇಟಿನ ಬಣ್ಣದಿಂದ ಆರಿಸಿ. ತಿಳಿನೀಲಿ, ನೇರಳೆ ಸೀರೆಗಳು ಬೆಳ್ಳಗೆ ಬರುತ್ತವೆ. ಕೆಂಪು, ಹಳದಿ, ಹಸಿರು ಕಪ್ಪಿನ ಕಡೆಗೆ. ಹಾಗೆಂದು ಕೆಂಪು ಸಿಲ್ಕ್ ಬಿಡಲೇಬೇಕೆಂದಿಲ್ಲ. ಅದು ಕಪ್ಪಾದ ಮೇಲೆ ಜರಿಯ ಅಂಚು ಬೆಳಕಿಗೆ ತಿರುಗಿದ ಕಡೆಯೆಲ್ಲ ಮಿನುಗುತ್ತದೆ, ಮುಡಿದ ಮೈಸೂರು ಮಲ್ಲಿಗೆಯ ಒಂದೊಂದು ಮೊಗ್ಗೂ ಬಿಡಿಯಾಗಿ ಎದ್ದು ನಿಲ್ಲುತ್ತದೆ. ನಮಗೆ ಕೇಳಿದರೆ ಆ ಸೀರೆಯನ್ನೇ ಉಡಿಸಿ, ಮುಖದ ಬೆಳಕನ್ನು ಸರಿಮಾಡಿ ಎನ್ನುತ್ತೇವೆ.

ಬಿಸಿಲಿಗಿಂತ ತೆರೆದ ನೆರಳು ಒಳ್ಳೆಯದು. ಜಗಲಿಯ ಅಂಚಿನಲ್ಲಿ, ಮುಖ ತೆರೆದ ಆಕಾಶಕ್ಕೆ ಎದುರಾಗಿ ಕೂರಿಸಿ. ಕಿಟಕಿಯ ಗಾಜಿನ ಹಿಂದೆ ಬೇಡ, ಗಾಜು ಅತಿನೇರಳೆಯ ಒಂದು ಪಾಲನ್ನು ತಡೆಯುತ್ತದೆ. ನೆರಳಿನ ಕೆನ್ನೆಯ ಪಕ್ಕ ಬಿಳಿ ಪಂಚೆ ಹಿಡಿಸಿ. ಎಫ್ 4 ಲೆನ್ಸಿದ್ದರೆ ಬೆಳಗಿನ ಹತ್ತು ಗಂಟೆಯ ಹೊತ್ತಿಗೆ 4 ಸೆಕೆಂಡಿನಿಂದ ಶುರು ಮಾಡಿ. ಒಂದು ಪ್ಲೇಟಿನ ಮೇಲೆ ಡಾರ್ಕ್ ಸ್ಲೈಡನ್ನು (ಹೋಲ್ಡರಿನ ಜಾರುವ ಮುಚ್ಚಳ) ಹಂತಹಂತವಾಗಿ ಮುಚ್ಚುತ್ತ 2, 4, 8 ಸೆಕೆಂಡು ಕೊಟ್ಟು ನೋಡಿದರೆ ಆ ದಿನದ ಲೆಕ್ಕ ಸಿಗುತ್ತದೆ. ಲೈಟ್ ಮೀಟರ್ ಇಲ್ಲಿ ಅರ್ಧ ಸುಳ್ಳು ಹೇಳುತ್ತದೆ. ಸಂಜೆ ಐದಕ್ಕೆ ಅದು ತೋರಿಸುವ ಬೆಳಕಿನಲ್ಲಿ ಕೆಂಪೇ ಹೆಚ್ಚು, ಪ್ಲೇಟಿಗೆ ಬೇಕಾದ ನೀಲಿ ಕಡಿಮೆ. ಕುತ್ತಿಗೆಯ ಹಿಂದೆ ತಲೆಗೆ ಆಸರೆ ಕೊಡಿ. ನಾಲ್ಕು ಸೆಕೆಂಡಿನಲ್ಲಿ ಒಮ್ಮೆ ರೆಪ್ಪೆ ಮಿಟುಕಿದರೆ ಅದು ದಾಖಲಾಗುವುದಿಲ್ಲ, ತಲೆ ಅಲುಗಿದರೆ ಆಗುತ್ತದೆ.

ಸೆರಗಿಗೆ ಉಪಾಯವಿದೆ. ಕೊಲೋಡಿಯನ್ ಬದಿಯಿಂದ ನೋಡಿದರೆ ಚಿತ್ರ ಕನ್ನಡಿಯಲ್ಲಿದ್ದಂತೆ ಎಡಬಲ ಅದಲುಬದಲು. ಪಾರದರ್ಶಕ ಗಾಜಾದರೆ ಪ್ಲೇಟನ್ನು ತಿರುಗಿಸಿ, ಕೊಲೋಡಿಯನ್ ಬದಿಗೆ ಕಪ್ಪು ಮಖಮಲ್ ಬರುವಂತೆ ಚೌಕಟ್ಟು ಹಾಕಿಸಿ. ಗಾಜಿನ ಮೂಲಕ ನೋಡಿದಾಗ ಸೆರಗು ಎಡ ಹೆಗಲಿಗೇ ಬರುತ್ತದೆ. ಕಪ್ಪು ಗಾಜಿನ ಮೇಲೆ ತೆಗೆದಿದ್ದರೆ ಈ ದಾರಿ ಇಲ್ಲ.

ಪ್ರಶ್ನೆ: ಡಿಸ್ಟಿಲ್ಡ್ ನೀರು ಸಿಗದಿದ್ದರೆ ಬೋರ್‌ವೆಲ್ ನೀರು ಕಾಯಿಸಿ ಬಳಸಬಹುದೇ? (ಮದ್ದೂರು)

ಬೆಳ್ಳಿ ದ್ರಾವಣಕ್ಕೆ, ಡೆವಲಪರಿಗೆ ಖಂಡಿತ ಬೇಡ. ಕಾಯಿಸಿದರೆ ಕ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ. ಲೋಟದಲ್ಲಿ ನೀರು ತೆಗೆದುಕೊಂಡು ಎರಡು ಹನಿ ಸಿಲ್ವರ್ ನೈಟ್ರೇಟ್ ಬಿಡಿ. ಹಾಲು ಬೆರೆಸಿದಂತಾದರೆ ನಿಮ್ಮ ದುಬಾರಿ ಬೆಳ್ಳಿ ಸಿಲ್ವರ್ ಕ್ಲೋರೈಡ್ ಆಗಿ ತಳ ಸೇರುತ್ತಿದೆ ಎಂದರ್ಥ. ಬ್ಯಾಟರಿ ನೀರನ್ನೂ ಹೀಗೇ ಪರೀಕ್ಷಿಸಿ, ತಿಳಿಯಾಗಿಯೇ ಉಳಿದರೆ ಬಳಸಿ. ಫಿಕ್ಸ್ ಮಾಡುವ ಹೈಪೋ (ಸೋಡಿಯಂ ಥಯೋಸಲ್ಫೇಟ್, ಶೇ 20) ಮಾಡಲು, ಆಮೇಲೆ ಅರ್ಧ ಗಂಟೆ ತೊಳೆಯಲು ನಲ್ಲಿ ನೀರು ಸಾಕು. ಕೊನೆಯ ಒಂದು ಜಾಲಾಟ ಮಾತ್ರ ಡಿಸ್ಟಿಲ್ಡ್ ನೀರಿನಲ್ಲಿ, ಇಲ್ಲದಿದ್ದರೆ ಒಣಗಿದ ಮೇಲೆ ಬಿಳಿ ಉಪ್ಪಿನ ಗುರುತು. ಸಿಲ್ವರ್ ನೈಟ್ರೇಟ್ ಮುಟ್ಟುವಾಗ ಕೈಗವಸಿಗಿಂತ ಮೊದಲು ಕನ್ನಡಕ ಹಾಕಿ. ಕೈಯ ಕಪ್ಪು ಕಲೆ ವಾರದಲ್ಲಿ ಹೋಗುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು.

ಪ್ರಶ್ನೆ: ಮೆಡಿಕಲ್ ಶಾಪಿನ ಕೊಲೋಡಿಯನ್ ಆಗುತ್ತದೆಯೇ? (ಶ್ರೀರಂಗಪಟ್ಟಣ)

ಚೀಟಿ ಓದಿ. ‘ಫ್ಲೆಕ್ಸಿಬಲ್’ ಎಂದಿದ್ದರೆ ಅದರಲ್ಲಿ ಹರಳೆಣ್ಣೆ, ಕರ್ಪೂರ ಇರುತ್ತದೆ. ನರುಲಿಗೆ ಹಚ್ಚುವುದರಲ್ಲಿ ಸ್ಯಾಲಿಸಿಲಿಕ್ ಆಮ್ಲ. ಎರಡೂ ಬೇಡ. ಏನೂ ಬೆರೆಸದ ಸಾದಾ ಕೊಲೋಡಿಯನ್ ಬೇಕು, ಅದನ್ನು ಲ್ಯಾಬ್ ಕೆಮಿಕಲ್ ಅಂಗಡಿಯಲ್ಲಿ ಕೇಳಿ.

ಪ್ರಶ್ನೆ: ತೊಳೆಯುವಾಗ ಚಿತ್ರ ಅಂಚಿನಿಂದ ಸಿಪ್ಪೆಯಂತೆ ಏಳುತ್ತದೆ. (ಕುವೆಂಪುನಗರ, ಮೈಸೂರು)

ಹತ್ತರಲ್ಲಿ ಒಂಬತ್ತು ಸಲ ಗಾಜಿನ ಜಿಡ್ಡೇ ಕಾರಣ. ಕ್ಯಾಲ್ಸಿಯಂ ಕಾರ್ಬೋನೇಟ್ ಪುಡಿಗೆ ಸಮಸಮ ನೀರು, ಆಲ್ಕೋಹಾಲ್ ಬೆರೆಸಿ, ಗಾಜಿನ ಎರಡೂ ಬದಿ ಮತ್ತು ಅಂಚುಗಳನ್ನು ಉಜ್ಜಿ, ಒಣ ಹತ್ತಿ ಬಟ್ಟೆಯಲ್ಲಿ ಹೊಳಪು ಬರುವವರೆಗೆ ಒರೆಸಿ. ಆಮೇಲೆ ಬಾಯಿಂದ ಹಾ ಎಂದು ಉಸಿರು ಬಿಡಿ. ಹಬೆ ಒಂದೇ ಸಮ ಕೂತು ಒಂದೇ ಸಮ ಮಾಯವಾದರೆ ಗಾಜು ಶುಚಿ. ಎಲ್ಲಾದರೂ ಗೆರೆಯೋ ಬೆರಳಚ್ಚೋ ಕಂಡರೆ ಮತ್ತೆ ಉಜ್ಜಿ. ಕತ್ತರಿಸಿದ ಅಂಚುಗಳನ್ನು ಸಾಣೆಕಲ್ಲಿನ ಮೇಲೆ ಒಂದೆರಡು ಸಲ ಎಳೆದರೆ ಪದರಕ್ಕೆ ಹಿಡಿತ ಸಿಗುತ್ತದೆ. ಅಷ್ಟಕ್ಕೂ ನಿಲ್ಲದಿದ್ದರೆ ಒಂದು ಮೊಟ್ಟೆಯ ಬಿಳಿಯನ್ನು ಅರ್ಧ ಲೀಟರ್ ಡಿಸ್ಟಿಲ್ಡ್ ನೀರಿನಲ್ಲಿ ಕಲಕಿ ಸೋಸಿ, ಹತ್ತಿ ಕಡ್ಡಿಯಿಂದ ಅಂಚಿನ ಸುತ್ತ ಮೂರು ಮಿಲಿಮೀಟರ್ ಅಗಲಕ್ಕೆ ಬಳಿದು ಒಣಗಿಸಿ.

ಪ್ರಶ್ನೆ: ಅಜ್ಜನ ಸ್ಟುಡಿಯೋದ ಹಳೆಯ ಗಾಜಿನ ನೆಗೆಟಿವ್‌ಗಳು ಅಟ್ಟದಲ್ಲಿ ಸಿಕ್ಕಿವೆ. ಇವು ಕೊಲೋಡಿಯನ್ನೇ? ಸ್ಪಿರಿಟ್‌ನಲ್ಲಿ ಒರೆಸಲೇ? (ಪಾಂಡವಪುರ)

ಒರೆಸಬೇಡಿ. ಅಜ್ಜನ ಕಾಲದವು ಬಹುಮಟ್ಟಿಗೆ ಕಾರ್ಖಾನೆಯಲ್ಲಿ ತಯಾರಾದ ಜೆಲಟಿನ್ ಡ್ರೈ ಪ್ಲೇಟುಗಳೇ. ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಾಕ್ಸ್ 1871ರಲ್ಲಿ ತೋರಿಸಿದ ಆ ದಾರಿ ಸುಮಾರು ಒಂದು ದಶಕದಲ್ಲಿ ಕೊಲೋಡಿಯನ್ನನ್ನು ಸ್ಟುಡಿಯೋಗಳಿಂದ ಹೊರಹಾಕಿತು. ಪದರ ಅಂಚಿನವರೆಗೂ ಸಮವಾಗಿದ್ದು ಬಣ್ಣ ಶುದ್ಧ ಬೂದು, ಕಪ್ಪು ಇದ್ದರೆ ಜೆಲಟಿನ್. ಬಣ್ಣ ಕೆನೆಗಂದಾಗಿ, ಒಂದು ಮೂಲೆಯಲ್ಲಿ ಹಿಡಿದ ಹೆಬ್ಬೆರಳಿನ ಖಾಲಿ ಜಾಗ, ಇನ್ನೊಂದರಲ್ಲಿ ಕೊಲೋಡಿಯನ್ ಬಸಿದ ದಪ್ಪ ಗೆರೆ ಕಂಡರೆ ಕೊಲೋಡಿಯನ್. ಸ್ಪಿರಿಟ್ ತಗುಲಿದರೆ ಕೊಲೋಡಿಯನ್ ಪ್ಲೇಟಿನ ವಾರ್ನಿಷ್ ಕರಗಿ ಮುಖವೇ ಅಳಿಸಿಹೋಗುತ್ತದೆ, ನೀರು ತಗುಲಿದರೆ ಜೆಲಟಿನ್ ಉಬ್ಬಿ ಏಳುತ್ತದೆ. ರಬ್ಬರ್ ಬಲ್ಬಿನಿಂದ ಧೂಳು ಊದಿ. ಪದರ ಏಳುತ್ತಿರುವ ಕಡೆ ಅದನ್ನೂ ಮಾಡಬೇಡಿ. ಒಂದೊಂದನ್ನೂ ಆಮ್ಲರಹಿತ ಕಾಗದದಲ್ಲಿ ಸುತ್ತಿ, ಮಲಗಿಸದೆ ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿ, ಅಟ್ಟದ ಕಾವಿನಿಂದ ಕೆಳಗಿಳಿಸಿ ಒಣ ಕೋಣೆಯ ಬೀರುವಿನಲ್ಲಿಡಿ. ಪ್ರತಿ ಬೇಕಾದರೆ ಲೈಟ್ ಟೇಬಲ್ ಮೇಲೆ ಪದರದ ಬದಿ ಮೇಲಾಗಿಟ್ಟು ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದುಕೊಳ್ಳಿ. ಲಕೋಟೆಯ ಮೇಲೆ ಬರೆಯುವುದಿದ್ದರೆ ಪ್ಲೇಟು ಒಳಗಿಡುವ ಮೊದಲೇ, ಪೆನ್ಸಿಲ್ಲಿನಲ್ಲಿ ಬರೆಯಿರಿ.