ಪ್ರತಿಕ್ರಿಯೆ: ಕಾದಂಬರಿಯ ಕೊನೆಯ ರೆಸಿಪಿ ಓದುಗರಿಗೆ ಕೈಕೊಡುತ್ತಿದ್ದರೆ

ಬಹುಶಃ ತೊಂದರೆ ಇರುವುದು ಅಳತೆಯ ಕಪ್‌ನಲ್ಲಿ. ನಿಮ್ಮ ಕೋಝಿ ಮಿಸ್ಟರಿಯ (ಹಿಂಸೆ ಹೆಚ್ಚಿಲ್ಲದ ಹಗುರ ಪತ್ತೇದಾರಿ ಕಾದಂಬರಿಯ) ಕೊನೆಗೆ ಕೊಟ್ಟ ನಿಂಬೆ ಕೇಕ್ ನಿಮಗೆ ಚೆನ್ನಾಗಿ ಬರುತ್ತದೆ, ಓದುಗರಿಗೆ ಮಾತ್ರ ಒಣಗಿ ಗಟ್ಟಿಯಾಗುತ್ತಿದೆ ಅಂದಿದ್ದೀರಿ. ಚಮಚದಿಂದ ಹಗುರವಾಗಿ ತುಂಬಿದರೆ ಅಮೆರಿಕದ ಒಂದು ಕಪ್ ಮೈದಾ ಸುಮಾರು 120 ಗ್ರಾಂ. ಅದೇ ಕಪ್ಪನ್ನು ಡಬ್ಬಿಯೊಳಗೆ ಹಾಕಿ ಒತ್ತಿ ತುಂಬಿದರೆ 150 ಗ್ರಾಂ ಆಗಬಹುದು. ಎರಡು ಕಪ್‌ಗೆ 60 ಗ್ರಾಂ ಜಾಸ್ತಿ, ಒಣಗದೆ ಇನ್ನೇನಾಗುತ್ತದೆ ಅಲ್ವಾ? ಆಸ್ಟ್ರೇಲಿಯಾದ ಓದುಗರಿದ್ದರೆ ಇನ್ನೊಂದು ತೊಡಕು: ಅಲ್ಲಿನ ಟೇಬಲ್ ಸ್ಪೂನ್ 20 ಮಿ.ಲೀ., ಅಮೆರಿಕದ್ದು ಸುಮಾರು 15.

ಮೊದಲು ದೂರು ಬರೆದವರಿಗೆ ಉತ್ತರಿಸಿ. ಯಾವ ದೇಶ, ಮೈದಾ ಹೇಗೆ ಅಳೆದಿರಿ, ಓವನ್‌ನಲ್ಲಿ ಫ್ಯಾನ್ ಇದೆಯಾ ಎಂದು ಕೇಳಿ. ನಾನು ಹೀಗೆ ಕೇಳಿದಾಗ ಒಬ್ಬರು ತಾವು ಅಳೆದ ಕಪ್ಪಿನ ಫೋಟೋನೇ ಕಳಿಸಿದರು. ಅದು ದೊಡ್ಡ ಕಾಫಿ ಮಗ್. ಇಷ್ಟು ಆಸ್ಥೆಯಿಂದ ಮಾಡಿ ನೋಡುವವರನ್ನು ಬಿಡಬೇಡಿ, ಮುಂದಿನ ಪುಸ್ತಕದ ರೆಸಿಪಿಯನ್ನು ಅಚ್ಚಿಗೆ ಮೊದಲೇ ಇವರಿಗೆ ಕೊಡಿ.

ಆಮೇಲೆ ನಿಮ್ಮ ಮಾಮೂಲಿ ಕಪ್ ಮೈದಾವನ್ನು ತೂಗಿ. ಗ್ರಾಂ ಮೊದಲು ಬರೆಯಿರಿ, ಕಪ್ ನಂತರ. ಇ-ಪುಸ್ತಕದ ಫೈಲ್ ಬದಲಿಸಿ. ಈಗಾಗಲೇ ಕೊಂಡವರ ಪ್ರತಿ ತಾನಾಗಿ ಬದಲಾಗುತ್ತದೆ ಎಂದು ನಂಬಿ ಸುಮ್ನೆ ಕೂರಬೇಡಿ, ತಿದ್ದಿದ ಪುಟವನ್ನು ನ್ಯೂಸ್‌ಲೆಟರ್‌ನಲ್ಲೂ ಕಳಿಸಿ.

ಗ್ರಾಂ ಲೆಕ್ಕದಲ್ಲೂ ಒಣಗಿದರೆ ಓವನ್ ಕಾರಣವಿರಬಹುದು, ದೂರದಿಂದ ಖಚಿತವಾಗಿ ಹೇಳಲಾರೆ. ಫ್ಯಾನ್ ಓವನ್‌ಗೆ 20 ಡಿಗ್ರಿ ಸೆಲ್ಸಿಯಸ್ ಕಡಿಮೆ ಇಡಿ ಎಂಬ ಸಾಲನ್ನೂ ಸೇರಿಸಿ.