ಎದೆ ಬಡಿತ ಮೊದಲೋ, ಭಯ ಮೊದಲೋ?

ಪ್ರಶ್ನೆ: ಕೆಲಸದ ವಿಷಯ ನನಗೆ ಚೆನ್ನಾಗಿ ಗೊತ್ತು. ಆದರೆ ಮೀಟಿಂಗ್‌ನಲ್ಲಿ ನಾಲ್ಕು ಜನರ ಮುಂದೆ ಎದ್ದು ನಿಂತರೆ ಸಾಕು, ಎದೆ ಡವಡವ ಅನ್ನುತ್ತದೆ, ಕೈ ನಡುಗುತ್ತದೆ, ಬಾಯಿ ಒಣಗುತ್ತದೆ. ಹೆದರುವಂಥದ್ದು ಏನೂ ಇಲ್ಲ ಅಂತ ಗೊತ್ತಿದ್ದರೂ ದೇಹ ಮಾತು ಕೇಳುವುದಿಲ್ಲ. ಈ ಭಯ ಹುಟ್ಟುವುದಾದರೂ ಎಲ್ಲಿಂದ?

ಉತ್ತರ: ಭಯವಾಯಿತು, ಅದಕ್ಕೇ ಎದೆ ಹೊಡೆದುಕೊಂಡಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1884ರಲ್ಲಿ ಇದನ್ನು ತಿರುಗಿಸಿ ಹೇಳಿದರು. ಮೊದಲು ದೇಹ ಬದಲಾಗುತ್ತದೆ, ಆ ಬದಲಾವಣೆ ನಮ್ಮ ಅನುಭವಕ್ಕೆ ಬರುವುದೇ ಭಾವನೆ ಎಂದರು. ದೇಹದ ಕೆಲಸಗಳನ್ನು ಅಧ್ಯಯನ ಮಾಡುತ್ತಿದ್ದ ವಿಜ್ಞಾನಿ ವಾಲ್ಟರ್ ಕ್ಯಾನನ್ 1927ರಲ್ಲಿ ಇದಕ್ಕೆ ತಕರಾರು ತೆಗೆದರು. ಹೆದರಿದಾಗಲೂ ಎದೆ ಜೋರಾಗಿ ಬಡಿಯುತ್ತದೆ, ಸಿಟ್ಟು ಬಂದಾಗಲೂ ಬಡಿಯುತ್ತದೆ, ಜ್ವರ ಬಂದಾಗಲೂ ಬಡಿಯುತ್ತದೆ, ಹಾಗಿದ್ದ ಮೇಲೆ ಬರೀ ದೇಹವನ್ನು ನೋಡಿ ಇದು ಭಯ, ಇದು ಸಿಟ್ಟು ಅಂತ ಗೊತ್ತಾಗುವುದು ಹೇಗೆ?

1962ರಲ್ಲಿ ಶಾಕ್ಟರ್ ಮತ್ತು ಸಿಂಗರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಅದರಲ್ಲಿ ಭಾಗವಹಿಸಿದವರಿಗೆ ವಿಟಮಿನ್ ಅಂತ ಹೇಳಿ, ಎದೆ ಬಡಿತ ಹೆಚ್ಚಿಸುವ ಅಡ್ರಿನಲಿನ್ ಎಂಬ ಹಾರ್ಮೋನ್ ಚುಚ್ಚಿದರು. ಇದರಿಂದ ಎದೆ ಬಡಿತ ಹೆಚ್ಚುತ್ತದೆ, ಕೈ ನಡುಗುತ್ತದೆ ಅಂತ ಕೆಲವರಿಗೆ ಮಾತ್ರ ಮೊದಲೇ ತಿಳಿಸಿದ್ದರು. ಆಮೇಲೆ ಒಬ್ಬೊಬ್ಬರನ್ನೂ ನಟನೆ ಮಾಡುವವನೊಬ್ಬನ ಜೊತೆ ಕೂರಿಸಿದರು. ಅವನು ಕೆಲವರ ಮುಂದೆ ಖುಷಿಯಿಂದ ಕುಣಿದಾಡುತ್ತಿದ್ದ, ಇನ್ನು ಕೆಲವರ ಮುಂದೆ ರೇಗಾಡುತ್ತಿದ್ದ. ತಮ್ಮ ಮೈಗೆ ಏನಾಗುತ್ತಿದೆ ಅಂತ ಗೊತ್ತಿಲ್ಲದವರು ಅವನ ಮೂಡಿಗೇ ಜಾಸ್ತಿ ವಾಲಿದರು. ಮುಂದೆ ಇದನ್ನೇ ಮಾಡಿ ನೋಡಿದವರಿಗೆ ಇಷ್ಟು ಸ್ಪಷ್ಟವಾದ ಫಲಿತಾಂಶ ಸಿಗಲಿಲ್ಲ ಅನ್ನುವುದನ್ನೂ ಹೇಳಬೇಕು. ಆದರೂ ಅದರ ಮೂಲ ವಿಚಾರ ಇವತ್ತಿಗೂ ಉಳಿದಿದೆ: ಮೈಯಲ್ಲಿ ಆಗುವುದಕ್ಕೆ ಮಿದುಳು ಸುತ್ತಲಿನ ಸನ್ನಿವೇಶ ನೋಡಿ ಅರ್ಥ ಕಟ್ಟುತ್ತದೆ.

ನಿಮ್ಮ ವಿಷಯಕ್ಕೆ ಬರೋಣ. ಎಲ್ಲರ ಕಣ್ಣು ನಿಮ್ಮ ಮೇಲಿದೆ, ನಿಮ್ಮನ್ನು ಅಳೆಯುತ್ತಿದ್ದಾರೆ. ಗುಂಪಿನಲ್ಲೇ ಬದುಕಿದ ಮನುಷ್ಯನಿಗೆ ಇದು ಸಣ್ಣ ಸಂಗತಿಯಲ್ಲ. ನೀವು ಯೋಚಿಸುವ ಮುಂಚೆಯೇ ಮಿದುಳು ಎಚ್ಚರಿಕೆ ಕೊಟ್ಟಿರುತ್ತದೆ, ಮೂತ್ರಪಿಂಡಗಳ ಮೇಲೆ ಕೂತಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಬಿಟ್ಟಿರುತ್ತವೆ, ಜೊಲ್ಲು ಕಡಿಮೆಯಾಗುವುದೂ ಅದೇ ತಯಾರಿಯ ಭಾಗ. ಆ ಹೊತ್ತಿನಲ್ಲಿ 'ಸಮಾಧಾನ, ಸಮಾಧಾನ' ಅಂತ ಹೇಳಿಕೊಂಡರೆ ಮೈ ನಂಬುವುದಿಲ್ಲ. ಅದರ ಬದಲು 'ನನಗೆ ಹುರುಪು ಬಂದಿದೆ' ಅಂತ ಹೇಳಿಕೊಳ್ಳಿ. 2014ರಲ್ಲಿ ಪ್ರಕಟವಾದ ಆಲಿಸನ್ ವುಡ್ ಬ್ರೂಕ್ಸ್ ಅವರ ಅಧ್ಯಯನದಲ್ಲಿ, ಭಾಷಣಕ್ಕೆ ಮುಂಚೆ ಹೀಗೆ ಹೇಳಿಕೊಂಡವರು ಸಮಾಧಾನ ಅಂತ ಹೇಳಿಕೊಂಡವರಿಗಿಂತ ಚೆನ್ನಾಗಿ ಮಾತಾಡಿದರು. ಇದು ಸುಮ್ನೆ ಮಾತಿನ ಆಟವಲ್ಲ. ಹುರುಪಿನಲ್ಲೂ ಎದೆ ಬಡಿಯುತ್ತದೆ, ಹಾಗಾಗಿ ಭಯದಿಂದ ಅಲ್ಲಿಗೆ ದಾಟುವುದು ಸುಲಭ. ಮೊದಲ ಎರಡು ವಾಕ್ಯ ಬಾಯಿಪಾಠ ಮಾಡಿಕೊಂಡು ಹೋಗಿ. ನಡುಕ ಜಾಸ್ತಿ ಇರುವುದು ಸಾಮಾನ್ಯವಾಗಿ ಶುರುವಿನಲ್ಲೇ.

ಪ್ರಶ್ನೆ: ಸಂಜೆಯಾದರೆ ಮಗನ ಮೇಲೆ ರೇಗುತ್ತೇನೆ. ಪೆನ್ಸಿಲ್ ಬೀಳಿಸಿದರೂ ಕಿರುಚುತ್ತೇನೆ, ಆಮೇಲೆ ಅವನ ಮುಖ ನೋಡಿ ಸಂಕಟವಾಗುತ್ತದೆ. ಕೋಪವನ್ನು ನುಂಗಿಕೊಳ್ಳಬೇಕು ಅನ್ನುತ್ತಾರೆ. ಆಗುತ್ತಿಲ್ಲ.

ಉತ್ತರ: ನುಂಗಿಕೊಳ್ಳಿ ಅನ್ನುವ ಸಲಹೆ ನನಗೆ ಒಪ್ಪಿಗೆಯಿಲ್ಲ. ಜೇಮ್ಸ್ ಗ್ರಾಸ್ ಎಂಬ ಮನಶ್ಶಾಸ್ತ್ರಜ್ಞರು ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದ್ದಾರೆ. ಮುಖದಲ್ಲಿ ತೋರಿಸದೆ ಅದುಮಿಟ್ಟರೆ ಒಳಗಿನ ಬೇಗೆ ಕಡಿಮೆಯಾಗುವುದಿಲ್ಲ, ಮೈ ಮೇಲಿನ ಒತ್ತಡ ಮಾತ್ರ ಹೆಚ್ಚುತ್ತದೆ. ಹಾಗಂತ ದಿಂಬಿಗೆ ಗುದ್ದಿ ತೀರಿಸಿಕೊಳ್ಳುವುದೂ ಬೇಡ. ಸಿಟ್ಟು ತರಿಸಿದವರನ್ನು ನೆನೆಯುತ್ತ ಗುದ್ದಿದರೆ ಸಿಟ್ಟು ಇನ್ನೂ ಏರುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು 'ಸಂಜೆಯಾದರೆ' ಅನ್ನುವ ಮಾತು. ಹಗಲೆಲ್ಲ ದುಡಿದ ದಣಿವು, ಹಸಿವು, ಹಿಂದಿನ ರಾತ್ರಿಯ ಅರೆನಿದ್ದೆ, ಇವೆಲ್ಲ ಸೇರಿ ಮೈಯಲ್ಲಿ ಒಂದು ಅಸಹನೆ ತುಂಬಿರುತ್ತದೆ. ಅದಕ್ಕೆ ಕಾರಣ ಹುಡುಕುತ್ತಿರುವ ಮಿದುಳಿಗೆ ಕಣ್ಣೆದುರು ಸಿಗುವುದು ಬಿದ್ದ ಪೆನ್ಸಿಲ್. ಮನೆಗೆ ಬಂದ ತಕ್ಷಣ ಏನಾದರೂ ತಿನ್ನಿ, ಹತ್ತು ನಿಮಿಷ ಒಬ್ಬರೇ ಕೂತುಕೊಳ್ಳಿ. ರೇಗುವ ಸೂಚನೆ ಕಂಡಾಗ 'ನನಗೆ ಸುಸ್ತಾಗಿದೆ, ಅದಕ್ಕೇ ಸಿಟ್ಟು ಬರ್ತಿದೆ' ಅಂತ ಬಾಯಿಬಿಟ್ಟು ಹೇಳಿ, ಮಗನಿಗೂ ಕೇಳುವ ಹಾಗೆ. ಹೀಗೆ ಹೆಸರಿಟ್ಟು ಹೇಳಿದರೆ ಭಾವನೆಯ ಬಿರುಸು ತಗ್ಗುತ್ತದೆ. ತಪ್ಪು ತನ್ನದಲ್ಲ ಅಂತ ಮಗುವಿಗೂ ಗೊತ್ತಾಗುತ್ತದೆ.

ಪ್ರಶ್ನೆ: ಅಪ್ಪ ತೀರಿಕೊಂಡಾಗ ನನಗೆ ಅಳು ಬರಲಿಲ್ಲ. ಎಷ್ಟೋ ತಿಂಗಳ ಮೇಲೆ ಡ್ರಾಯರ್‌ನಲ್ಲಿ ಅವರ ಕನ್ನಡಕ ಸಿಕ್ಕಿತು. ಒಂದು ಕಡ್ಡಿಗೆ ಅವರೇ ದಾರ ಸುತ್ತಿದ್ದರು. ಅಲ್ಲೇ ಕೂತು ಬಿಕ್ಕಿಬಿಕ್ಕಿ ಅತ್ತೆ. ನನ್ನಲ್ಲೇನಾದರೂ ಕೊರತೆಯಿದೆಯೇ?

ಉತ್ತರ: ಖಂಡಿತ ಇಲ್ಲ. ಸಾವಿನ ಮನೆಯಲ್ಲಿ ಮಾಡಬೇಕಾದ ಕೆಲಸ, ಮಾತಾಡಿಸಬೇಕಾದ ಜನ ತುಂಬಾ ಇರುತ್ತಾರೆ, ಜೊತೆಗೆ ಆಘಾತಕ್ಕೆ ಮನಸ್ಸು ಮರಗಟ್ಟಿರುತ್ತದೆ. 'ಅಪ್ಪ ಇಲ್ಲ' ಅನ್ನುವುದು ಆಗ ಬರೀ ಸುದ್ದಿ. ದಾರ ಸುತ್ತಿದ ಕನ್ನಡಕ ಅವರ ಕೈಯನ್ನು, ಅವರು ಕೂತು ಓದುವ ರೀತಿಯನ್ನು ಒಟ್ಟಿಗೇ ಎದುರಿಗೆ ತಂದಿಟ್ಟಿತು. ಅಳು ಎಷ್ಟು ಬೇಗ ಬಂತು ಅನ್ನುವುದು ಪ್ರೀತಿಯ ಅಳತೆಯಲ್ಲ. ಇನ್ನು ಮುಂದೆಯೂ ಹೀಗೆ ಅಳು ಉಕ್ಕಬಹುದು, ತಡೆಯಬೇಡಿ. ಆದರೆ ವಾರಗಟ್ಟಲೆ ನಿದ್ದೆ, ಊಟ, ಕೆಲಸ ಯಾವುದೂ ಸರಿಹೋಗದಿದ್ದರೆ ಒಬ್ಬ ಆಪ್ತಸಮಾಲೋಚಕರನ್ನು ನೋಡಿ.